ಸಳಿ ಇಲ್ಲದ ಮಾಳಿಗೆ

ಹುಮನಾಬಾದಿನಲ್ಲಿ ನಮ್ಮ ಅಕ್ಕನ ಓಣಿಯಲ್ಲಿ ನಿಂತು ತಲೆ ಎತ್ತಿದರೆ ಪ್ರತಿ ಮಾಳಿಗೆಯ ಮೂಲೆಯಲ್ಲೂ ಕಬ್ಬಿಣದ ಸಳಿಗಳು ಕಾಣುತ್ತವೆ. ಕೆಲವಕ್ಕೆ ಖಾಲಿ ಬಾಟಲಿ ಬೋರಲು ಹಾಕಿರುತ್ತಾರೆ, ಕೆಲವಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿರುತ್ತಾರೆ. ಇವತ್ತು ಕೈಲಾದದ್ದು ಇಷ್ಟು, ನಾಳೆ ಮಗ ದೊಡ್ಡವನಾದರೆ ಮೇಲೊಂದು ಖೋಲಿ ಏಳಿಸೋಣ ಎಂಬುದು ಆ ಸಳಿಗಳ ಅರ್ಥ. ಗುಡಿಸಲಿನಿಂದ ಸ್ಲ್ಯಾಬಿಗೆ ಬಂದವರ ಆಸೆಯೆಲ್ಲ ಅದರಲ್ಲೇ ಇರುತ್ತದೆ. ನಮ್ಮ ಅಕ್ಕ ಸುಗಂಧಾಳ ಮನೆಯೊಂದೇ ಬೋಳು. ಅವಳ ಗಂಡ, ನಮ್ಮ ಭಾವ ರಾಜೀವ, ಬೇರೆ ಏನೂ ಅಲ್ಲ, ಮನೆ ಕಟ್ಟುವ ಗೌಂಡಿ. ಊರವರ ಮನೆಗೆಲ್ಲ ಅಳತೆ ಹಿಡಿದು ಸಳಿ ಬಿಟ್ಟವನು ತನ್ನ ಮನೆಯ ಸಳಿಗಳನ್ನು ತಾನೇ ಗರಗಸ ಹಿಡಿದು ಕೊಯ್ದು ಹಾಕಿದ. ದೇವರ ರಾಜ್ಯ ಇನ್ನೇನು ಬಂತು, ಮೇಲಂತಸ್ತು ಯಾರಿಗೆ ಬೇಕು ಎಂದು.

ಆ ಬೋಳು ಮಾಳಿಗೆ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಾನು ತಾಳ್ಮೆಯ ಮನುಷ್ಯ ಅಲ್ಲ. ಟಂಟಂ ಆಟೋ ಓಡಿಸುವವನಿಗೆ ತಾಳ್ಮೆ ಇದ್ದರೆ ಹೊಟ್ಟೆ ತುಂಬುವುದೂ ಇಲ್ಲ.

ನಮ್ಮದು ಬೇಮಳಖೇಡದ ಕ್ರೈಸ್ತ ಮನೆತನ. ಅಜ್ಜನ ಕಾಲದಿಂದ ದೀಕ್ಷಾಸ್ನಾನ ಆದವರು. ಕಾಯುವುದು ನಮಗೆ ಹೊಸದಲ್ಲ. ಸತ್ತವರನ್ನು ಮಣ್ಣು ಮಾಡುವಾಗಲೂ ನಮ್ಮಲ್ಲಿ ಕಾಲು ಪೂರ್ವಕ್ಕೆ ಬರುವಂತೆ ಮಲಗಿಸುತ್ತೇವೆ. ಕರ್ತನು ಬಂದ ಬೆಳಗ್ಗೆ ಎದ್ದು ಕೂತರೆ ಮುಖ ನೇರ ಅವನ ಕಡೆಗೇ ಇರಲಿ ಎಂದು. ಆದರೆ ಯಾವಾಗ ಎಂದು ನಮ್ಮ ಅವ್ವ ಯಾರನ್ನೂ ಕೇಳಿದವಳಲ್ಲ. ಚಿಕ್ಕಂದಿನಲ್ಲಿ ನಾನೇ ಒಮ್ಮೆ ಕೇಳಿದ್ದಕ್ಕೆ ರೊಟ್ಟಿ ಬಡಿಯುತ್ತಲೇ ಹೇಳಿದಳು.

"ಆ ದಿನ ಯಾವಾಗ ಅಂತ ಮಗನಿಗೇ ಗೊತ್ತಿಲ್ಲ, ತಂದಿಗಷ್ಟ ಗೊತ್ತು ಅಂತ ವಾಕ್ಯದಾಗ ಅದ. ನಿನಗ ಹ್ಯಾಂಗ ಗೊತ್ತಾಗ್ತದ? ದೊರಿ ಬರ್ತಾನಂದ್ರ ಮನಿ ಕಸ ಹೊಡದು ಇಡಬೇಕು, ಮನಿ ಕೆಡವಬಾರದು."

ಅಕ್ಕ ಈ ಮಾತು ಕೇಳಿಕೊಂಡೇ ಬೆಳೆದವಳು. ಹುಮನಾಬಾದಿಗೆ ಲಗ್ನವಾಗಿ ಹೋದ ಮೇಲೆ ಅಂಗನವಾಡಿಯಲ್ಲಿ ಸಹಾಯಕಿ ಕೆಲಸ ಸಿಕ್ಕಿತು. ಬೆಳಗಾದರೆ ಓಣಿಯ ಕೂಸುಗಳನ್ನು ಕರೆತರುವುದು, ಮೂಗು ಒರೆಸುವುದು, ಉಪ್ಪಿಟ್ಟು ಮಾಡಿ ಉಣಿಸುವುದು. ಮಕ್ಕಳೆಂದರೆ ಅವಳಿಗೆ ಅಷ್ಟು ಜೀವ. ಯಾವುದೋ ಕೂಸು ಅವಳ ಸೊಂಟ ಬಿಟ್ಟು ಇಳಿಯಲಿಲ್ಲ ಎಂದು ಹೊತ್ತುಕೊಂಡೇ ಸಂತೆ ಮಾಡಿ ಬಂದದ್ದನ್ನು ನಾನೇ ನೋಡಿದ್ದೇನೆ. ಇತ್ತ ಊರಲ್ಲಿ ಅವ್ವ ನಮ್ಮಿಬ್ಬರನ್ನು ತೂಗಿದ ಕಟ್ಟಿಗೆಯ ತೊಟ್ಟಿಲು ತೊಳೆದು, ಎಣ್ಣೆ ಹಚ್ಚಿ ಇಟ್ಟಿದ್ದಳು. ಮೊದಲ ಬಾಣಂತನ ತವರಿನದ್ದಲ್ಲವೆ.

ಆ ದಿನಗಳಲ್ಲೇ ಭಾವನಿಗೆ ಬಸವಕಲ್ಯಾಣದಲ್ಲಿ ಒಂದು ಮನೆ ಕಟ್ಟುವ ಕೆಲಸ ಸಿಕ್ಕಿತು. ಮನೆ ಪಾಸ್ಟರ್ ದಾನಿಯೇಲನದು. ತಗಡಿನ ಶೆಡ್ಡಿನಲ್ಲಿ ಹೊಸದಾಗಿ ಪ್ರಾರ್ಥನಾಲಯ ನಡೆಸುತ್ತಿದ್ದ ಮನುಷ್ಯ. ದನಿ ಚೆನ್ನಾಗಿತ್ತು, ಮಾತು ಬೆಲ್ಲ. ಎಲ್ಲಿಯೋ ಯುದ್ಧ, ಎಲ್ಲಿಯೋ ಭೂಕಂಪ, ಎಲ್ಲವನ್ನೂ ಒಂದಕ್ಕೊಂದು ಗಂಟು ಹಾಕಿ, ತೊಗರಿ ರಾಶಿ ಆಗುವುದರೊಳಗೆ ಕರ್ತನ ರಾಜ್ಯ ಬಂದೇ ಬರುತ್ತದೆ ಎಂದು ಹೇಳುತ್ತಿದ್ದ. ಹಗಲು ಅವನ ಮನೆಗೆ ಇಟ್ಟಂಗಿ ಇಟ್ಟು, ಸಂಜೆ ಅವನ ಪ್ರಾರ್ಥನೆಗೆ ಕೂತು, ಭಾವ ಬೇರೆಯೇ ಮನುಷ್ಯನಾಗಿ ಬಂದ. ಅಕ್ಕನನ್ನೂ ಭಾನುವಾರ ಅಲ್ಲಿಗೇ ಕರೆದುಕೊಂಡು ಹೋಗತೊಡಗಿದ.

ಒಂದು ಭಾನುವಾರ ಪಾಸ್ಟರ್ ಆ ಕಠಿಣ ವಾಕ್ಯ ಎತ್ತಿಕೊಂಡ. ಕೊನೆಯ ದಿನಗಳಲ್ಲಿ ಬಸುರಿಯರ ಗತಿ, ಎದೆಹಾಲು ಕುಡಿಸುವವರ ಗತಿ ಯಾರಿಗೂ ಬೇಡ ಎನ್ನುವ ವಾಕ್ಯ. ಓಡಿಹೋಗುವ ಹೊತ್ತಿನಲ್ಲಿ ಹೊಟ್ಟೆ ಹೊತ್ತವಳು ಹೇಗೆ ಓಡಿಯಾಳು, ದಿನ ಹತ್ತಿರ ಇದೆ, ಬುದ್ಧಿ ಇದ್ದವರು ತಿಳಿದುಕೊಳ್ಳಲಿ ಎಂದು ಮೇಜು ಗುದ್ದಿ ಹೇಳಿದ. ಮರುದಿನ ಬೆಳಗ್ಗೆ ಚಹಾ ಕುಡಿಯುತ್ತ ಭಾವ ಅಕ್ಕನಿಗೆ ಹೇಳಿದ.

"ಜರಾ ತಾಳು ಸುಗಂಧಾ. ಕೂಸು ಎತ್ಕೊಂಡು ಹ್ಯಾಂಗ ಓಡ್ತಿ? ಆ ರಾಜ್ಯ ಬಂದ ಮ್ಯಾಲ ನಮಗ ಯಾವುದಕ್ಕೂ ಕಮ್ಮಿ ಇರಲ್ಲ."

ಅಕ್ಕ ಹೂಂ ಅಂದಳು. ಸುಳ್ಳು ಯಾಕೆ ಹೇಳಲಿ, ಅವಳೂ ನಂಬಿದಳು. ಒಂದು ಬೆಳೆಯ ಮಾತು, ಒಂದು ರಾಶಿಯ ಮಾತು, ಅಷ್ಟು ತಾಳುವುದೇನು ದೊಡ್ಡದು ಎಂದುಕೊಂಡಳು. ಭಾವ ಹಾಸಿಗೆ ಸುತ್ತಿಕೊಂಡು ಮಾಳಿಗೆಗೆ ಹೋದ. ಆಗಷ್ಟೇ ಹಾಕಿದ್ದ ಹೊಸ ಸ್ಲ್ಯಾಬು. ಮಲಗುವ ಮುಂಚೆ ನಾಲ್ಕು ಮೂಲೆಯ ಸಳಿಗಳನ್ನು ಬುಡಕ್ಕೆ ಕೊಯ್ದ. ನಂಬಿಕೆ ಇದ್ದವನು ಹಿಂದಕ್ಕೆ ತಿರುಗಿ ನೋಡಬಾರದು ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದ.

ತೊಗರಿ ರಾಶಿ ಆಯಿತು, ತೊಗರಿ ಮಾರುಕಟ್ಟೆಗೆ ಹೋಯಿತು, ರಾಜ್ಯ ಬರಲಿಲ್ಲ. ಕರ್ತನು ನಮ್ಮ ಮೇಲೆ ಕನಿಕರಪಟ್ಟು ದಿನ ಮುಂದೂಡಿದ್ದಾನೆ ಎಂದ ಪಾಸ್ಟರ್. ಮುಂದಿನ ವರ್ಷ ಈಸ್ಟರ್ ಅಂದ. ಆಮೇಲೆ ಅದೂ ಬಿಟ್ಟು, ಅತಿ ಬೇಗ ಎಂದಷ್ಟೇ ಹೇಳತೊಡಗಿದ. ಜಾಣ. ಬೇಗ ಎಂಬ ಮಾತಿಗೆ ಯಾರೂ ತಗಾದೆ ಮಾಡುವಂತಿಲ್ಲ. ಆದರೆ ನಮ್ಮ ಭಾವನ ಹಾಸಿಗೆ ಮಾತ್ರ ಮಾಳಿಗೆಯಿಂದ ಇಳಿಯಲಿಲ್ಲ. ಮಳೆಗಾಲದಲ್ಲಿ ಪಡಸಾಲೆ, ಉಳಿದಂತೆ ಮಾಳಿಗೆ.

ಮಂದಿ ಸುಮ್ಮನಿರುತ್ತಾರೆಯೆ? ಭಾವನ ಕಡೆಯವರೇ ಅಕ್ಕನನ್ನು ಬಂಜೆ ಅಂದರು. ಅಂಗನವಾಡಿಗೆ ಕೂಸು ಬಿಡಲು ಬರುವ ತಾಯಂದಿರು ಈ ಮಾತ್ರೆ ನುಂಗು, ಆ ಡಾಕ್ಟರಿಗೆ ತೋರಿಸು ಎಂದರು. ಅಕ್ಕ ಎಲ್ಲದಕ್ಕೂ ಹೂಂ ಅಂದಳು. ಗಂಡನ ಮರ್ಯಾದೆ ಕಾಪಾಡಿದಳಂತೆ. ನನಗೆ ಮಾತ್ರ ಖರೇ ಸಂಗತಿ ಹೇಳಿದ್ದಳು, ಬಾಯಿ ಬಿಡಬಾರದು ಎಂದು ಆಣೆ ಹಾಕಿಸಿ.

ಇದಕ್ಕಿಂತ ದೊಡ್ಡದೊಂದು ನಡೆಯಿತು. ಒಂದು ಪ್ರಾರ್ಥನೆ ಕೂಟದಲ್ಲಿ ಪಾಸ್ಟರ್ ಅಕ್ಕನನ್ನು ಮುಂದೆ ಕರೆದ. ತಲೆಯ ಮೇಲೆ ಕೈಯಿಟ್ಟು, ಈ ಸಹೋದರಿಯ ಮುಚ್ಚಿದ ಗರ್ಭ ತೆರೆ ದೇವರೇ ಎಂದು ಎಲ್ಲರೆದುರು ಕಣ್ಣೀರು ಹಾಕಿ ಬೇಡಿದ. ಮುಚ್ಚಿಸಿದವನು ತಾನೇ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಭಾವ ಗಂಡಸರ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಎಲ್ಲರ ಜೊತೆ ಅವನೂ ಆಮೆನ್ ಅಂದ. ಆ ಆಮೆನ್ ಕೇಳಿದ ದಿನ ಅಕ್ಕನ ಒಳಗೆ ಏನೋ ಸತ್ತಿತು. ಅದನ್ನು ಅವಳೇ ಹೇಳಿದ್ದು.

ಹೀಗೇ ಇಪ್ಪತ್ತು ವರ್ಷ ಕಳೆದು ಕೊರೊನಾ ಬಂದಾಗ ಭಾವನಿಗೆ ಹಬ್ಬ. ಇದೇ ಅದು ಎಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬೆಳಗಾಗುವ ಮುಂಚೆ ಮಾಳಿಗೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರುತ್ತಿದ್ದ. ರಾಜ್ಯ ಬರಲಿಲ್ಲ, ಬೇಮಳಖೇಡದಿಂದ ಫೋನು ಬಂತು. ಅವ್ವ ಹೋಗಿದ್ದಳು. ನಾವು ನಾಲ್ಕೇ ಮಂದಿ ಸೇರಿ, ಕಾಲು ಪೂರ್ವಕ್ಕೆ ಮಾಡಿ ಅವಳನ್ನು ಮಲಗಿಸಿದೆವು. ಆ ತೊಟ್ಟಿಲನ್ನು ಅವಳು ಅದಕ್ಕೂ ಮೊದಲೇ ಪಕ್ಕದ ಮನೆಯ ಕುಲ್ಸುಮ್ ಬೀಗೆ ಕೊಟ್ಟುಬಿಟ್ಟಿದ್ದಳಂತೆ, ಅವಳ ಮೊಮ್ಮಗಳಿಗೆ. ಅಷ್ಟರಲ್ಲಿ ಅಕ್ಕನ ಮುಟ್ಟೂ ನಿಂತಿತ್ತು.

ಈಗ ಈ ಬೇಸಿಗೆಯ ಮಾತು. ಪಾಸ್ಟರ್ ದಾನಿಯೇಲನ ಮಗ ಕುನಾಲನಿಗೆ ಲಗ್ನ ಗೊತ್ತಾಯಿತು. ಸೊಸೆ ಬರುವುದರೊಳಗೆ ಮೇಲಂತಸ್ತು ಏಳಿಸಬೇಕು, ರಾಜೀವನೇ ಬರಬೇಕು, ಬೇರೆ ಗೌಂಡಿ ಬೇಡ ಎಂದು ಫೋನು ಮಾಡಿದ. ಭಾವ ಕುಣಿಯುತ್ತ ಹೋದ. ಕೆಲಸ ಶುರುವಾಗುವ ದಿನ ಮಾಳಿಗೆಯ ಮೇಲೆ ಪ್ರಾರ್ಥನೆ, ಬುಂದಿ, ಚಹಾ. ಅಕ್ಕನಿಗೂ ಕರೆ ಇತ್ತು. ನಾನೇ ನನ್ನ ಟಂಟಂನಲ್ಲಿ ಅವಳನ್ನು ಬಸವಕಲ್ಯಾಣಕ್ಕೆ ಕರೆದುಕೊಂಡು ಹೋದೆ.

ಮೆಟ್ಟಿಲು ಹತ್ತಿ ಮಾಳಿಗೆಗೆ ಕಾಲಿಟ್ಟ ಅಕ್ಕ ಅಲ್ಲೇ ನಿಂತಳು. ಮೂಲೆ ಮೂಲೆಗೆ ಎದೆ ಮಟ್ಟದ ಸಳಿಗಳು. ಮುಂದೆ ಕಟ್ಟುವ ಮನಸ್ಸಿದ್ದವರು ಸಳಿಗೆ ಸಿಮೆಂಟಿನ ಹಾಲು ಹಚ್ಚಿ, ಪ್ಲಾಸ್ಟಿಕ್ ಸುತ್ತಿ ಇಡುತ್ತಾರೆ, ತುಕ್ಕು ಹಿಡಿಯದಿರಲಿ ಎಂದು. ಇಲ್ಲಿ ಒಂದೊಂದು ಸಳಿಗೂ ಹಾಗೆ ಮಾಡಿತ್ತು. ಅಕ್ಕ ಪ್ಲಾಸ್ಟಿಕ್ ಸರಿಸಿ ಉಗುರಿನಿಂದ ಕೆರೆದಳು. ಸಿಮೆಂಟಿನ ಹೊಪ್ಪಳೆ ಉದುರಿತು, ಒಳಗೆ ಕಬ್ಬಿಣ ಹೊಸದರಂತೆಯೇ ಇತ್ತು. ಅವಳೂ ಗೌಂಡಿಯ ಹೆಂಡತಿ, ಅದನ್ನು ನೋಡಿ ತಿಳಿಯದವಳಲ್ಲ.

"ಇದು ಯಾರ ಕೆಲಸ್ರಿ?" ಎಂದು ಭಾವನನ್ನು ಕೇಳಿದಳು.

"ನಂದೇ," ಅಂದ ಭಾವ. ದನಿ ಸಣ್ಣದಾಗಿತ್ತು.

ಪಾಸ್ಟರ್ ಬುಂದಿಯ ತಟ್ಟೆ ಹಿಡಿದು ನಗುತ್ತ ಬಂದ. "ರಾಜೀವನ ಕೈಗುಣ ನೋಡಮ್ಮ. ಕೆಳಗಿನ ಮನಿ ಕಟ್ಟುವಾಗ್ಲೇ ನಾ ಹೇಳಿದ್ದೆ, ಸಳಿ ಉದ್ದ ಬಿಡು, ಜಂಗ್ ಹತ್ತಬಾರದು ಅಂತ. ಈಗ ಕೆಲಸಕ್ಕ ಬಂತು. ನಾಳೆ ಮೊಮ್ಮಕ್ಕಳು ಹುಟ್ಟಿದ್ರ ಕೆಳಗ ಜಾಗಾ ಎಲ್ಲದ?"

ಕೆಳಗಿನ ಮನೆ ಕಟ್ಟುವಾಗಲೇ. ಅಂದರೆ ತೊಗರಿ ರಾಶಿಯೊಳಗೆ ಲೋಕ ಮುಗಿಯುತ್ತದೆ ಎಂದು ಮೇಜು ಗುದ್ದಿದ ವರ್ಷವೇ. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಪಾಸ್ಟರಿಗಿಂತ ನನಗೆ ಭಾವನ ಮೇಲೆ ಸಿಟ್ಟು ಬಂತು. ಹಗಲು ಪಾಸ್ಟರನ ಮೊಮ್ಮಕ್ಕಳಿಗೆಂದು ಸಳಿಗೆ ಸಿಮೆಂಟಿನ ಹಾಲು ಹಚ್ಚಿದ ಕೈ, ಮನೆಗೆ ಬಂದು ತನ್ನ ಸಳಿಗೆ ಗರಗಸ ಹಾಕಿತಲ್ಲ. ಒಂದು ಸಲವಾದರೂ ತಲೆಯಲ್ಲಿ ಪ್ರಶ್ನೆ ಏಳಬಾರದೆ?

ಅಕ್ಕ ದನಿ ಏರಿಸಲಿಲ್ಲ. "ಅಯ್ಯನವರ, ಅವತ್ತು ನೀವು ಬಸುರಿದ್ದವರಿಗಿ ಕೇಡು ಅದ ಅಂದಿದ್ರಿ. ನಾವು ಅದಕ್ಕ ಮಕ್ಕಳು ಬ್ಯಾಡ ಅಂದು ಕುಂತೀವಿ."

ಪಾಸ್ಟರನ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಭಾವನ ಮುಖ ನೋಡಿದ, ಅಕ್ಕನ ಮುಖ ನೋಡಿದ. "ಅದು ಆತ್ಮಿಕ ಅರ್ಥದಾಗ ಹೇಳಿದ್ದು ತಂಗಿ," ಅಂದ. "ನೀವು ಅಷ್ಟು ಮನಸ್ಸಿಗಿ ತಗೋತೀರಿ ಅಂತ ನನಗ ಹ್ಯಾಂಗ ಗೊತ್ತಾಗಬೇಕು?" ಎಂದು ತಟ್ಟೆಯನ್ನು ಸಳಿಗಳ ಬುಡದಲ್ಲಿ ಇಟ್ಟು, ಚಹಾ ಬಂತೇನು ನೋಡಲು ಕೆಳಗಿಳಿದ.

ಸುಳ್ಳು ಹೇಳಿದ್ದರೆ ಹಿಡಿದು ಜಗಳ ಆಡುತ್ತಿದ್ದೆ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದ, ಮರೆತ. ಕೇಳಿಸಿಕೊಂಡವರು ಅದರ ಮೇಲೆ ಜನ್ಮ ಕಳೆದರು.

ಅದಾದ ಮೇಲಿನ ಭಾನುವಾರ ಅವಳು ನಮ್ಮ ಹಳೆಯ ಚರ್ಚಿಗೆ ಬಂದು ನನ್ನ ಹೆಂಡತಿಯ ಪಕ್ಕದಲ್ಲಿ ಕೂತಳು. ಹಾಡಿದಳು, ಮೊಣಕಾಲೂರಿದಳು. ಎಲ್ಲರೂ ಕರ್ತನ ಪ್ರಾರ್ಥನೆ ಹೇಳುವಾಗ ಅವಳೂ ಹೇಳಿದಳು. ರಾಜ್ಯ ಬರಲಿ ಎಂದು ಬೇಡುವ ಕಡೆ ಮಾತ್ರ ಬಾಯಿ ಮುಚ್ಚಿಕೊಂಡು ನಿಂತು, ದಿನದ ರೊಟ್ಟಿ ಬೇಡುವಲ್ಲಿಂದ ಮತ್ತೆ ಶುರು ಮಾಡಿದಳಂತೆ. ನನ್ನ ಹೆಂಡತಿ ಹೇಳಿದಳು.

ಮಧ್ಯಾಹ್ನ ಅವಳನ್ನು ಮನೆಗೆ ಬಿಡಲು ಹೋದೆ. ಭಾವ ಬಸವಕಲ್ಯಾಣದ ಕೆಲಸ ಬಿಟ್ಟು ಬಂದಿದ್ದ. ಅಳತೆ ಟೇಪು ಹಿಡಿದು ಮಾಳಿಗೆಯ ಮೂಲೆಯಲ್ಲಿ ಕೂತು, ಕೊಯ್ದ ಸಳಿಯ ಗುರುತನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದ. ಅಕ್ಕ ಒಣಹಾಕಿದ ಬಟ್ಟೆ ತೆಗೆಯಲು ಮೇಲೆ ಬಂದಳು. ಅವಳ ಮಾಳಿಗೆಯಲ್ಲಿ ಹಗ್ಗ ಕಟ್ಟಲು ಸಳಿ ಇಲ್ಲ, ನೆಲಕ್ಕೇ ಹರವಿ ಮೇಲೆ ಕಲ್ಲು ಇಡುತ್ತಾಳೆ.

"ಸಳಿ ಮತ್ತ ಕೂಡ್ಸಲಿಕ್ಕಿ ಬರ್ತದ ಸುಗಂಧಾ," ಅಂದ ಭಾವ. "ಈಗ ಒಂದು ಕೆಮಿಕಲ್ ಬಂದದ. ತೂತು ಹಾಕಿ ಅದನ್ನ ತುಂಬಿ ಸಳಿ ನಿಲ್ಲಿಸಿದ್ರ ಹಳೇದಕ್ಕಿಂತ ಗಟ್ಟಿ ಆಗ್ತದ. ಮ್ಯಾಲ ಒಂದು ಖೋಲಿ ಏಳಸ್ತೀನಿ."

"ಸಳಿಗಿ ಔಷಧ ಬಂದದ ಅನ್ರಿ," ಅಂದಳು ಅಕ್ಕ. "ಏಳಸ್ರಿ, ನಾ ಬ್ಯಾಡ ಅನ್ನಲ್ಲ. ಅದರಾಗ ಯಾರು ಮಲಗಾವ್ರು?"

ಭಾವ ಟೇಪು ಸುತ್ತಿಕೊಂಡ. ಅಕ್ಕ ಕಲ್ಲು ಸರಿಸಿ ಬಟ್ಟೆ ಎತ್ತಿಕೊಂಡಳು. ಇಬ್ಬರ ಬಟ್ಟೆ, ಒಂದೇ ತೋಳಿನಲ್ಲಿ ಹಿಡಿಸಿತು.