ವ್ಯಸನ ಗೆದ್ದವರಿಗೆ ಮೈಸೂರು ಪೇಟ

ನಮ್ಮ ಕಾಲೇಜಿನಲ್ಲಿ ಯಾರಿಗಾದರೂ ಒಳ್ಳೆಯದಾದರೆ ಅವರನ್ನು ವೇದಿಕೆಗೆ ಹತ್ತಿಸಿ, ತಲೆಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು ಫೋಟೊ ತೆಗೆಯುವುದು ವಾಡಿಕೆ. ನಿವೃತ್ತರಾದವರಿಗೆ, ಪಿಎಚ್.ಡಿ. ಮುಗಿಸಿದವರಿಗೆ, ಒಮ್ಮೆ ಮೂತ್ರಪಿಂಡದ ಕಲ್ಲು ತೆಗೆಸಿಕೊಂಡು ಬಂದ ಗುಮಾಸ್ತರಿಗೂ ಆಯಿತು. ಹಾಗಾಗಿ ಕುಡಿತ ಬಿಟ್ಟ ವಿದ್ಯಾರ್ಥಿಗೂ ಪೇಟ ತೊಡಿಸಬೇಕೆಂದು ಪ್ರಾಂಶುಪಾಲರಿಗೆ ಅನಿಸಿದ್ದರಲ್ಲಿ ಆಶ್ಚರ್ಯವೇನಿರಲಿಲ್ಲ. ನನಗೆ ಮೈಯೆಲ್ಲ ಉರಿದದ್ದು ಬೇರೆ ಮಾತು.

ವ್ಯಸನದಿಂದ ಹೊರಬರುತ್ತಿರುವ ಮಕ್ಕಳಿಗೆ ಆಸರೆಯಾಗಲು ಒಂದು ಕೇಂದ್ರ ತೆರೆಯಿರಿ ಎಂಬ ಸುತ್ತೋಲೆ ಬಂದಾಗ, ಸಸ್ಯಶಾಸ್ತ್ರ ಪಾಠ ಮಾಡುವ ನನ್ನನ್ನು ಅದರ ಸಂಚಾಲಕಿ ಮಾಡಿದರು. ‘ನಿಮ್ಮನ್ನ ನೋಡಿದ್ರೇನೇ ಗೊತ್ತಾಗುತ್ತೆ ಮೇಡಂ, ಯಾವ ಚಟಾನೂ ಇಲ್ಲ ಅಂತ’ ಎಂದರು ಪ್ರಾಂಶುಪಾಲರು. ಕ್ಯಾಂಟೀನಿನ ಎದುರಿಗೇ ಒಂದು ಕೋಣೆ ಕೊಟ್ಟು, ಬಾಗಿಲ ಮೇಲೆ ‘ವ್ಯಸನಿ ವಿದ್ಯಾರ್ಥಿಗಳ ಕೇಂದ್ರ’ ಎಂದು ಅರ್ಧ ಗೋಡೆಯುದ್ದದ ಬೋರ್ಡು ಹಾಕಿಸಿದರು. ಎರಡು ತಿಂಗಳಲ್ಲಿ ಬಂದವನು ಒಬ್ಬನೇ. ಜೆರಾಕ್ಸ್ ಎಲ್ಲಿ ಮಾಡ್ತಾರೆ ಎಂದು ಕೇಳಿದವನು ತಲೆಯೆತ್ತಿ ಬೋರ್ಡು ಓದಿ, ಉತ್ತರಕ್ಕೂ ನಿಲ್ಲದೆ ಓಡಿದ.

ಕೊನೆಗೆ ನಮ್ಮ ವಿಭಾಗದಲ್ಲಿ ಒಣಗಿಸಿದ ಗಿಡಗಳನ್ನು ಇಡುವ ಕೋಣೆಯಲ್ಲಿ, ಬುಧವಾರ ಸಂಜೆ, ಕಾಫಿಯ ಫ್ಲಾಸ್ಕು ಇಟ್ಟುಕೊಂಡು ಕೂತೆ. ಬೋರ್ಡು ಇಲ್ಲ. ಬಾಯಿಂದ ಬಾಯಿಗೆ ಸುದ್ದಿ ಹೋಗಿ ನಾಲ್ವರು ಬಂದರು, ನಾಲ್ವರೂ ಬಾಯಿ ಬಿಡಲಿಲ್ಲ. ಆಗ ನಾನೇ ಹೇಳಿದೆ. ಗಂಡ ತೀರಿಕೊಂಡ ಮೇಲೆ ಆರು ವರ್ಷ ನಿದ್ದೆ ಮಾತ್ರೆಗೆ ಅಂಟಿಕೊಂಡಿದ್ದೆ. ಒಂದೇ ಅಂಗಡಿಯಲ್ಲಿ ಕೊಂಡು ಅನುಮಾನ ಬರಬಾರದೆಂದು ಅಶೋಕಪುರಂನಿಂದ ಊರಿನ ಆ ತುದಿಯ ಹೂಟಗಳ್ಳಿಯವರೆಗೆ ಬಸ್ಸು ಹತ್ತಿ ಹೋಗಿ ಔಷಧಿ ತರುತ್ತಿದ್ದೆ. ಎಂ.ಎಸ್ಸಿ. ಓದುವ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕು, ‘ನಾನೂ ವೈನ್ ಶಾಪಿಗೆ ಅಂಗೇ ಊರೆಲ್ಲ ಸುತ್ತುತಿದ್ದೆ ಮೇಡಂ’ ಅಂದಳು. ಅಲ್ಲಿಂದ ಮಾತು ಶುರುವಾಯಿತು.

ಕುಡಿದು ಸಿಕ್ಕಿಬಿದ್ದ ಆ ಹುಡುಗಿಯನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದ್ದರು. ದೊಡ್ಡಪ್ಪನ ಮನೆಯಲ್ಲಿದ್ದಳು. ಆ ದೊಡ್ಡಪ್ಪ ದಿನಾ ಸಂಜೆ ದೀಪ ಹಚ್ಚಿದ ಕೂಡಲೇ ಬಾಟಲಿಯ ಮುಚ್ಚಳ ತೆಗೆಯುವ ನಿಯಮನಿಷ್ಠರು. ಐದು ತಿಂಗಳಿಂದ ಅವಳು ಆ ವಾಸನೆಯ ಎದುರೇ ಕೂತು ಓದಿ, ಒಂದು ಹನಿ ಮುಟ್ಟಿರಲಿಲ್ಲ. ಊರಿನಲ್ಲಿದ್ದ ತಾಯಿಗೆ ‘ಹಾಸ್ಟೆಲಿಗೆ ಬಣ್ಣ ಹೊಡೀತಾವ್ರೆ’ ಎಂದು ಹೇಳಿದ್ದಳು. ಐದು ತಿಂಗಳು ಬಣ್ಣ ಹೊಡೆಸಿಕೊಳ್ಳಲು ಅದೇನು ಅರಮನೆಯೇ?

ಅವಳಿಗೆ ಹಾಸ್ಟೆಲು ವಾಪಸು ಕೊಡಿ ಎಂದು ಪತ್ರ ಹಿಡಿದು ಪ್ರಾಂಶುಪಾಲರ ಹತ್ತಿರ ಹೋದೆ.

‘ಕೊಡೋಣ ಮೇಡಂ. ವಾರ್ಷಿಕೋತ್ಸವದ ದಿನ ವೇದಿಕೆಗೆ ಬರ್ಲಿ, ಸನ್ಮಾನ ಮಾಡಿ ಕೊಡೋಣ. ತಂದೆತಾಯೀನೂ ಕರೆಸಿ. ಪೇಟ ಆಗಲೇ ಹೇಳಿಯಾಗಿದೆ.’

‘ಅವಳ ಮನೇಲಿ ಗೊತ್ತಿಲ್ಲ ಸರ್.’

‘ಹೆಮ್ಮೆ ಪಡೋ ವಿಷಯ ಕಣ್ರೀ ಇದು! ನಾಚಿಕೆ ಯಾಕೆ?’

ಹುಡುಗಿ ಹಟ ಮಾಡಲಿಲ್ಲ. ‘ವೇದಿಕೆ ಹತ್ಬುಡ್ತೀನಿ ಮೇಡಂ. ಆ ಮನೇಲಿ ಇನ್ನೊಂದು ತಿಂಗಳಿದ್ರೆ ನಾನು ಕುಡಿದ್ಬುಡ್ತೀನಿ’ ಅಂದಳು. ನನಗೆ ನಿಜಕ್ಕೂ ಭಯವಾಯಿತು.

ವಾರ್ಷಿಕೋತ್ಸವದ ಬೆಳಿಗ್ಗೆ ಪ್ರಾಂಶುಪಾಲರಿಗೆ, ವ್ಯಸನ ಗೆದ್ದವರೊಬ್ಬರು ಖಂಡಿತ ವೇದಿಕೆಗೆ ಬರುತ್ತಾರೆ, ಹೆಸರು ಮಾತ್ರ ಕೊನೆಯಲ್ಲಿ ಹೇಳುತ್ತೇನೆ, ಸ್ವಲ್ಪ ಕುತೂಹಲ ಇರಲಿ ಎಂದೆ. ಅವರಿಗೆ ಕುತೂಹಲ ಬಹಳ ಹಿಡಿಸಿತು. ಅದೇ ಖುಷಿಯಲ್ಲಿ ಪತ್ರಕ್ಕೆ ಸಹಿ ಬಿತ್ತು. ಅದನ್ನು ಅಲ್ಲೇ ವಾರ್ಡನ್ ಕೈಗೆ ಕೊಟ್ಟು, ಹುಡುಗಿಗೆ ‘ನೀನು ಕೂತ ಕಡೆಯಿಂದ ಏಳಬೇಡ’ ಎಂದು ಹೇಳಿದೆ.

ಸನ್ಮಾನದ ಸರದಿ ಬಂದಾಗ ನಾನೇ ಮೆಟ್ಟಿಲು ಹತ್ತಿ, ಮೈಕು ಹಿಡಿದು, ಮಾತ್ರೆಗಳ ಕತೆಯನ್ನು ನಾಲ್ಕೇ ಮಾತಿನಲ್ಲಿ ಹೇಳಿದೆ. ಆಮಂತ್ರಣ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಪೋಷಕರ ಕೈಗಳು ನಿಂತವು. ಪೇಟ ಹಿಡಿದು ನಿಂತಿದ್ದ ಮುಖ್ಯ ಅತಿಥಿಗಳು ನನ್ನ ಮುಡಿಯ ಮಲ್ಲಿಗೆ ನೋಡಿದರು, ಪ್ರಾಂಶುಪಾಲರನ್ನು ನೋಡಿದರು, ಬೇರೆ ದಾರಿ ಕಾಣದೆ ತೊಡಿಸಿಯೇಬಿಟ್ಟರು. ಯಾವುದೋ ದೊಡ್ಡ ತಲೆಗೆ ಹೇಳಿಸಿದ ಪೇಟ ಹುಬ್ಬಿನವರೆಗೆ ಇಳಿಯಿತು.

ಪ್ರಾಂಶುಪಾಲರು ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. ‘ಏನ್ ಮೇಡಂ ಇದು? ಪೋಷಕರೆಲ್ಲ ಕೂತಿರೋ ಕಡೆ ಇದನ್ನೆಲ್ಲ ಹೇಳ್ಕೋತಾರಾ? ನಿಮ್ಮ ಮರ್ಯಾದೆ ಗತಿ ಏನು?’

‘ಹೆಮ್ಮೆ ಪಡೋ ವಿಷಯ ಅಲ್ವಾ ಸರ್?’ ಅಂದೆ.

ಫೋಟೊ ತೆಗೆಯಲಿಲ್ಲ. ಹಣ್ಣಿನ ಬುಟ್ಟಿಯನ್ನೂ ಮರೆತರು. ಮರುದಿನದಿಂದ ಸ್ಟಾಫ್ ರೂಮಿನಲ್ಲಿ ನಾನು ತಲೆನೋವಿಗೆ ಒಂದು ಮಾತ್ರೆ ನುಂಗಿದರೂ ನಾಲ್ಕು ಜನ ಗಮನಿಸುತ್ತಾರೆ. ಅವರ ಕಾಳಜಿ ದೊಡ್ಡದು.

ಬುಧವಾರ ಹುಡುಗಿ ಎಲ್ಲರಿಗಿಂತ ಮೊದಲೇ ಬಂದಳು. ಹಾಸ್ಟೆಲ್ ಕೋಣೆಯ ಬೀಗದಕೈಯನ್ನು ಮೇಜಿನ ಮೇಲಿಟ್ಟು, ತಾನೇ ಎರಡು ಲೋಟಕ್ಕೆ ಕಾಫಿ ಬಗ್ಗಿಸಿದಳು.

‘ಅವ್ವಂಗೆ ಫೋನ್ ಮಾಡ್ದೆ ಮೇಡಂ. ಬಣ್ಣ ಹೊಡ್ದು ಮುಗೀತು ಅಂದ್ಬುಟ್ಟೆ’ ಅಂದಳು. ಅಂದವಳು ಅತ್ತಳು. ನಾನೂ ಅತ್ತೆ.