ಹಳದಿ ಪಟ್ಟಿ ಬಾರದ ಮಧ್ಯಾಹ್ನ

ಈಗಲೂ ಆಫೀಸಿನಲ್ಲಿ ವರ್ಡ್ ಫೈಲು ತೆರೆದಾಗ ಮೇಲ್ಗಡೆ ಹಳದಿ ಪಟ್ಟಿ ಬಂದರೆ ನನಗೆ ಸಮಾಧಾನ. ಬಾರದಿದ್ದರೆ ಕೈ ಮೌಸಿನ ಮೇಲೆ ಹಾಗೇ ನಿಂತುಬಿಡುತ್ತದೆ. ಪಕ್ಕದ ಕುರ್ಚಿಯವರು ‘ಏನ್ರೀ, ಸಿಸ್ಟಂ ಹ್ಯಾಂಗಾಯ್ತಾ?’ ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ.

ಬಾಗಲಗುಂಟೆಯಲ್ಲಿ ನಾನು ಬಾಡಿಗೆಗಿರುವ ಮನೆಯ ಕೆಳಗಿನ ಅಂತಸ್ತಿನಲ್ಲಿ ಮನೆಯೊಡತಿ ಇದ್ದಾರೆ. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಬೀದಿಗೆಲ್ಲ ಮೇಡಂ. ಕೆಲಸದಲ್ಲಿದ್ದಾಗಿನಿಂದಲೂ ಅವರು ಈ ಸುತ್ತಿನ ಹಳೆಯ ಊರುಗಳಿಗೆ ಹೋಗಿ ಹೆಂಗಸರ ಹಾಡುಗಳನ್ನು ಸಂಗ್ರಹಿಸುತ್ತಿದ್ದರು. ಬೀಸುವಾಗಿನವು, ನಾಟಿಯವು, ಹಸೆಗೆ ಕರೆಯುವವು. ಆ ಹೊಲಗಳ ಮೇಲೆ ಈಗ ಪಿ.ಜಿ.ಗಳು ಎದ್ದಿವೆ. ಹಾಡಿದವರಲ್ಲಿ ಹೆಚ್ಚಿನವರು ತೀರಿಕೊಂಡಿದ್ದಾರೆ. ಹಾಡುಗಳೆಲ್ಲ ಮೇಡಂ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿದ್ದವು: ಊರಿಗೊಂದು ಫೈಲು, ಅದರ ಜೊತೆಗೇ ಆ ಊರಿನ ಧ್ವನಿಮುದ್ರಣ. ಅದನ್ನು ಪುಸ್ತಕ ಮಾಡುವುದು ಅವರಿಗೆ ಉಳಿದಿದ್ದ ಒಂದೇ ಹಟ. ಶನಿವಾರ ಮಧ್ಯಾಹ್ನ ನಾನು ಕೆಳಗಿಳಿದು ಕರಡು ತಿದ್ದಲು ಕೂರುತ್ತಿದ್ದೆ.

ಎಷ್ಟೋ ವರ್ಷ ಅವರು ಟೈಪು ಮಾಡಿದ್ದು ಹಳೆಯ ಕಾಲದ ಕನ್ನಡ ಫಾಂಟಿನಲ್ಲಿ. ಪುಸ್ತಕ ಅಚ್ಚು ಮಾಡುವ ಪ್ರೆಸ್ಸಿನವರಿಗೆ ಬೇಕಾದದ್ದು ಈಗ ಎಲ್ಲೆಡೆ ನಡೆಯುವ ಯೂನಿಕೋಡ್. ಒಂದರಿಂದ ಇನ್ನೊಂದಕ್ಕೆ ಬದಲಿಸಲು ಪ್ರೆಸ್ಸಿನವರೇ ಕನ್ವರ್ಟರ್ ಎಂಬ ಒಂದು ಮ್ಯಾಕ್ರೋ ಕೊಟ್ಟಿದ್ದರು. ವರ್ಡ್ ಫೈಲಿನ ಒಳಗೇ ಕೂತು ತಾನಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ ಅದು. ಅದನ್ನು ಓಡಿಸಿದಾಗ ಮೊದಲು ಪರದೆಯ ತುಂಬ ಅರ್ಥವಿಲ್ಲದ ಕೊಂಬು, ಗೀಟು, ಚುಕ್ಕೆ. ಆಮೇಲೆ ನಿಧಾನಕ್ಕೆ, ಸಾಲಿನ ಮೇಲೆ ಸಾಲು, ಕನ್ನಡ ಮೂಡುತ್ತ ಇಳಿಯುವುದು. ಮೊದಲ ಸಲ ನೋಡಿದಾಗ ನಾನು ಗಾಬರಿಯಾಗಿದ್ದೆ.

‘ಸುಮ್ನೆ ಕಾಯ್ಬೇಕು ಕಣೇ,’ ಎಂದು ಮೇಡಂ ನಕ್ಕಿದ್ದರು. ‘ಕನ್ನಡ ಯಾವಾಗ್ಲೂ ಸ್ವಲ್ಪ ಲೇಟಾಗೇ ಬರೋದು.’

ಮ್ಯಾಕ್ರೋ ಇರುವ ಫೈಲು ತೆರೆದಾಗಲೆಲ್ಲ ವರ್ಡ್ ಹಳದಿ ಪಟ್ಟಿಯಲ್ಲಿ ಎಚ್ಚರಿಸಿ, ಒಪ್ಪಿಗೆ ಕೇಳುತ್ತದೆ. ಮೇಡಂ ಅದಕ್ಕೆ ಅರಿಶಿನ ಎಂದು ಹೆಸರಿಟ್ಟಿದ್ದರು. ‘ಅರಿಶಿನ ಬಂತು ನೋಡು, ಒತ್ತು, ಒತ್ತು.’ ಓದದೆಯೇ ಒತ್ತುತ್ತಿದ್ದೆವು. ಆಮೇಲೆ ಪ್ರೆಸ್ಸಿನಿಂದ ಇ-ಮೇಲಿನಲ್ಲಿ ಬಂದ ಫೈಲುಗಳಿಗೆ ಕೆಂಪು ಪಟ್ಟಿ ಬರತೊಡಗಿತು. ಅದರಲ್ಲಿ ಒಪ್ಪಿಗೆಯ ಬಟನ್ನೇ ಇಲ್ಲ, ಕನ್ವರ್ಟರ್ ಕೆಲಸ ಮಾಡದು. ಮೇಡಂ ಸಿಟ್ಟಾಗಿ ಪ್ರೆಸ್ಸಿಗೆ ಫೋನ್ ಮಾಡಿದರು.

‘ಅಯ್ಯೋ ಅಷ್ಟೇನಾ ಮೇಡಂ? ಆ ಫೋಲ್ಡರನ್ನೇ ನಂಬಿಕೆ ಜಾಗ ಅಂತ ಸೆಟ್ಟಿಂಗಲ್ಲಿ ಹಾಕ್ಬಿಡಿ. ಅದ್ರೊಳಗೆ ಏನೇ ಇಟ್ರೂ ವರ್ಡು ಬಾಯಿ ಬಿಡಲ್ಲ.’

ಸ್ಪೀಕರಿನಲ್ಲಿ ಆ ಧ್ವನಿ ಹೇಳಿದಂತೆ ಮೇಡಂ ಒಂದೊಂದೇ ಒತ್ತಿದರು. ಅಂದಿನಿಂದ ಪಟ್ಟಿ ಬರಲಿಲ್ಲ, ಹಳದಿಯೂ ಇಲ್ಲ, ಕೆಂಪೂ ಇಲ್ಲ. ಮುಂದೆ ಎಲ್ಲ ಊರಿನ ಫೈಲುಗಳನ್ನೂ ಒಟ್ಟಿಗೇ ಬದಲಿಸುವ ಕನ್ವರ್ಟರ್ ಕಳಿಸುವುದಾಗಿಯೂ ಪ್ರೆಸ್ಸಿನವರು ಹೇಳಿದ್ದರು.

ಮುಂದೊಂದು ಶನಿವಾರ ಅವರ ವಿಳಾಸದಿಂದ ಒಂದು ಇ-ಮೇಲ್ ಬಂದಿತ್ತು. ಇಂಗ್ಲಿಷಿನಲ್ಲಿ ಒಂದೇ ಸಾಲು, ಜೊತೆಗೊಂದು ವರ್ಡ್ ಫೈಲು. ‘ಕೊನೆಗೂ ಕಳ್ಸಿದ್ರಪ್ಪ ಮಹಾನುಭಾವರು,’ ಎಂದು ಮೇಡಂ ಅದನ್ನು ಹಾಡುಗಳ ಫೋಲ್ಡರಿಗೇ ಇಳಿಸಿ ತೆರೆದರು. ಪಟ್ಟಿ ಬರಲಿಲ್ಲ. ಮಸುಕು ಮಸುಕಾದ ಒಂದು ಪುಟ ಕಾಣಿಸಿತು, ಒದ್ದೆಯಾದ ಕಾಗದದ ಹಾಗೆ. ಮೇಡಂ ಅದನ್ನು ಮುಚ್ಚಿದರು. ಹಿಂದೆ ಫೋಲ್ಡರ್ ತೆರೆದೇ ಇತ್ತು.

ಅಬ್ಬಿಗೆರೆ ಎಂಬ ಫೈಲಿನ ಹೆಸರು ನಾವು ನೋಡುತ್ತಿರುವಂತೆಯೇ ಅಳಿಸಿಹೋಗಿ, ಆ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲೊಂದು ಬಂತು. ಫೈಲಿನ ಚಿತ್ರ ಬಿಳಿಚಿಕೊಂಡಿತು.

‘ಕನ್ವರ್ಟ್ ಆಗ್ತಿದೆ,’ ಎಂದರು ಮೇಡಂ.

ನನಗೂ ಹಾಗೇ ಅನ್ನಿಸಿತು. ಕನ್ನಡವಾಗುವ ಮೊದಲು ಎಲ್ಲವೂ ಹೀಗೇ ಕಾಣುತ್ತದೆ ಎಂಬುದನ್ನು ನಾವಿಬ್ಬರೂ ಚೆನ್ನಾಗಿ ಬಲ್ಲೆವು. ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣವೇ ಬೆದರುತ್ತಿದ್ದರೇನೋ. ನಾವು ಚಕ್ಕುಲಿ ಮುರಿದುಕೊಂಡು ಕಾದೆವು. ಚಿಕ್ಕಬಾಣಾವರ ಹೋಯಿತು. ಬಾಗಲಗುಂಟೆ ಹೋಯಿತು. ಯಾರೋ ನಮ್ಮ ಮನೆಯೊಳಗೇ ಮೆಲ್ಲಗೆ ನಡೆಯುತ್ತ, ಒಂದೊಂದು ಕೋಣೆಯ ದೀಪ ಆರಿಸುತ್ತ ಬಂದ ಹಾಗಿತ್ತು. ಹೊರಗೆ ಸೊಪ್ಪಿನವಳು ಕೂಗುತ್ತಿದ್ದಳು. ಮೌಸನ್ನು ಯಾರೂ ಮುಟ್ಟಿರಲಿಲ್ಲ.

ಇಲ್ಲೇ ಹತ್ತಿರದ ನಮ್ಮ ಸಿಂಗಾಪುರ ಬಿಳಿಚಿತು. ಅದರ ಹಿಂದೆಯೇ ಸಿಂಗಾಪುರದ ಧ್ವನಿಮುದ್ರಣವೂ ಬಿಳಿಚಿತು. ಅದಕ್ಕೆ ಮುಂಚೆ ಬೇರೆ ಊರುಗಳ ಧ್ವನಿಯೂ ಹಾಗೇ ಹೋಗಿರಬೇಕು, ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಈಗ ಕುರ್ಚಿಯಿಂದ ಎದ್ದುನಿಂತೆ.

‘ಮೇಡಂ, ಧ್ವನಿಗೆ ಯಾವ ಅಕ್ಷರ ಇದೆ ಅಂತ ಕನ್ವರ್ಟ್ ಆಗ್ಬೇಕು?’

ಅವರು ನನ್ನ ಮುಖ ನೋಡಿದರು. ಚಕ್ಕುಲಿ ಕೈಯಲ್ಲೇ ಇತ್ತು.

ನಾನು ಗೋಡೆಯ ಸ್ವಿಚ್ಚು ಆರಿಸಿದೆ. ಪರದೆ ಆರಲಿಲ್ಲ. ಮೇಜಿನ ಕೆಳಗಿಂದ ಯುಪಿಎಸ್ ಕೂಗತೊಡಗಿತು. ಕರೆಂಟು ಹೋದಾಗ ಹಾಡು ಅಳಿಯದಿರಲೆಂದು ಮೇಡಂ ತರಿಸಿದ್ದ ಯುಪಿಎಸ್ ಅದು. ಈಗ ಅದರ ಬಲದಿಂದಲೇ ಆ ಕಾಣದ ಕೈ ಮುಂದೆ ಸಾಗುತ್ತಿತ್ತು. ಸೋಲದೇವನಹಳ್ಳಿ ಬಿಳಿಚಿತು. ನಾನು ಮೊಣಕಾಲೂರಿ ಕೂತು ಸಿಪಿಯುವಿನ ಬಟನ್ ಒತ್ತಿ ಹಿಡಿದೆ. ಹಿಡಿದೇ ಇದ್ದೆ. ಕತ್ತಲಾದ ಪರದೆಯಲ್ಲಿ ಮೇಡಂ ಮುಖ ಕಂಡಿತು. ಹಾಡುಗಳ ಇನ್ನೊಂದು ಪ್ರತಿ ಇದ್ದ ಬ್ಯಾಕಪ್ ಪೆನ್ ಡ್ರೈವ್ ಕೂಡ ಅಷ್ಟು ಹೊತ್ತೂ ಸಿಪಿಯುವಿಗೇ ಸಿಕ್ಕಿಸಿತ್ತು. ಅದರ ಕೆಂಪು ದೀಪ ಆರಿದ್ದನ್ನು ನಾನು ಆಗಲೇ ನೋಡಿದ್ದು.

ಪ್ರೆಸ್ಸಿನವರು ಫೋನಿನಲ್ಲಿ ‘ನಾವು ಏನೂ ಕಳ್ಸೇ ಇಲ್ಲ ಮೇಡಂ,’ ಎಂದರು. ಅವರ ಇ-ಮೇಲಿನೊಳಗೆ ಬೇರೆ ಯಾರೋ ಹೊಕ್ಕು ಕೂತಿದ್ದರು. ದಾಸರಹಳ್ಳಿಯ ರಿಪೇರಿ ಅಂಗಡಿಯವರು ಪೆಟ್ಟಿಗೆ ಬಿಚ್ಚಿ ನೋಡಿ, ಪೆನ್ ಡ್ರೈವೂ ಹೋಗಿದೆ, ಉಳಿದದ್ದು ಹೆಸರಘಟ್ಟ ಮಾತ್ರ ಎಂದರು. ಫೈಲುಗಳ ಬೀಗ ತೆಗೆಯಲು ಹಣ ಕೇಳುವ ಇಂಗ್ಲಿಷ್ ಚೀಟಿಯೊಂದೂ ಫೋಲ್ಡರಿನೊಳಗಿತ್ತು. ಪೊಲೀಸರಿಗೆ ದೂರು ಕೊಟ್ಟೆವು. ಮೊದಲ ಕೆಲವು ಊರುಗಳ ಪ್ರತಿ ಪ್ರೆಸ್ಸಿನಲ್ಲಿತ್ತು. ಸೋಲದೇವನಹಳ್ಳಿಯಲ್ಲಿ ಹಾಡಿದವರು ಯಾರೂ ಬದುಕಿರಲಿಲ್ಲ. ಸಿಂಗಾಪುರದ್ದನ್ನು ಮೇಡಂ ಕಳಿಸದೆ ತಡೆದಿದ್ದರು. ಅದರಲ್ಲಿ ಒಂದು ಮಾತಿನ ಅರ್ಥವನ್ನು ಅದನ್ನು ಹಾಡಿದ್ದ ಅಜ್ಜಿಯ ಬಳಿ ಇನ್ನೊಮ್ಮೆ ಕೇಳಬೇಕಿತ್ತಂತೆ.

‘ಅಜ್ಜಿ ಇದಾರಲ್ಲ, ಮತ್ತೆ ಹಾಡಿಸೋಣ ಬಿಡು,’ ಎಂದು ಅವರೇ ನನಗೆ ಧೈರ್ಯ ಹೇಳಿದರು.

ಮರುವಾರ ಆಟೋದಲ್ಲಿ ಸಿಂಗಾಪುರಕ್ಕೆ ಹೋದೆವು. ಅಜ್ಜಿಯ ರಾಗಿ ಹೊಲದ ಮೇಲೆ ಮಗ ಕಟ್ಟಿಸಿದ ನಾಲ್ಕಂತಸ್ತಿನ ಕಟ್ಟಡ. ಅದರ ಕೆಳಗೆ ಬೈಕುಗಳ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿ ಕೂತಿದ್ದರು. ಅವರಿಗೆ ಮೇಡಂ ಗುರುತು ಸಿಕ್ಕಿತು.

‘ಏನವ್ವ, ಸೊರಗೋಗಿದ್ದೀಯ! ಅಡ್ಗೆ ಮಾಡ್ಕಂತೀಯೋ ಇಲ್ಲ ಬರೀ ಬರ್ಕಂಡೇ ಕೂತಿರ್ತೀಯೋ?’

ಮೇಡಂ ನಕ್ಕು, ಬೀಸುವ ಪದ ಇನ್ನೊಂದು ಸಲ ಹಾಡಬೇಕು ಎಂದರು. ನಡೆದದ್ದನ್ನು ಹೇಳಲಿಲ್ಲ. ಫೋನಿನ ರೆಕಾರ್ಡಿಂಗ್ ಒತ್ತಿ ಅಜ್ಜಿಯ ಮಡಿಲಿನ ಹತ್ತಿರ ಹಿಡಿದರು.

ಮೊದಲ ಸಾಲು ಸರಾಗವಾಗಿ ಬಂತು. ಧ್ವನಿ ಆ ಬೈಕುಗಳ ನಡುವೆ ಗುಂಯ್ ಎಂದಿತು. ಎರಡನೆಯ ಸಾಲು ಅರ್ಧಕ್ಕೆ ನಿಂತಿತು. ಅಜ್ಜಿ ಮತ್ತೆ ಮೊದಲಿಂದ ಎತ್ತಿಕೊಂಡರು. ಅಲ್ಲಿಗೇ ಬಂದು ನಿಂತರು.

‘ಇಂಗಲ್ಲ... ಮುಂದ್ಕೆ ಏನೋ ಐತೆ ಕಣವ್ವ. ಬಾಯಿಗೆ ಬತ್ತಾ ಇಲ್ಲ.’ ಆಮೇಲೆ ಅವರ ಮುಖ ಅರಳಿತು. ‘ಅಲ್ಲ, ನೀನು ಬರ್ಕಂಡು ಓಗಿದ್ಯಲ್ಲ! ಓದು ಒಸಿ. ನೀನು ಓದುದ್ರೆ ನಂಗೂ ಬತ್ತದೆ.’

ಫೋನಿನಲ್ಲಿ ಕೆಂಪು ಚುಕ್ಕೆ ಮಿನುಗುತ್ತಿತ್ತು. ಅಜ್ಜಿ ಮೇಡಂ ಮುಖವನ್ನೇ ನೋಡುತ್ತ ಕಾದರು. ಅಜ್ಜಿಯ ಬಲಗೈ ಮಾತ್ರ ಬೀಸುವ ಕಲ್ಲಿನ ಗೂಟ ಹಿಡಿದ ಹಾಗೆ ತೊಡೆಯ ಮೇಲೆ ಸುತ್ತುತ್ತಲೇ ಇತ್ತು.