ತಪಾಸಣೆಯ ದಿನ ರಜೆ

ಪೀಣ್ಯದಲ್ಲಿ ಶಿಶುಪಾಲನಾ ಕೇಂದ್ರಗಳ ನೋಂದಣಿಗೆ ಮುನ್ನ ತಪಾಸಣೆಗೆ ಬರುತ್ತಿದ್ದ ಅಧಿಕಾರಿಯೊಬ್ಬರಿದ್ದರು. ಕಿಟಕಿಯ ಮೇಲೆ ಬೆರಳಾಡಿಸಿ ಧೂಳು ನೋಡುತ್ತಿದ್ದರು. “ಎಲ್ಲಾ ನೀಟಾಗಿರ್ಬೇಕಮ್ಮ” ಎಂಬುದು ಅವರ ಮಾತು. ಹಾಗಾಗಿ ಅವರು ಬರುವ ದಿನ ಕೇಂದ್ರಗಳು ಮಕ್ಕಳಿಗೆ ರಜೆ ಕೊಡುತ್ತಿದ್ದವು. ವರದಿಯಲ್ಲಿ ಮಕ್ಕಳ ಸುರಕ್ಷತೆ ಸದಾ ತೃಪ್ತಿಕರವಾಗಿರುತ್ತಿತ್ತು.

ಕಚೇರಿ ಕೆಲಸದ ಮೇಲೆ ನಾನು ಅವರ ಜೊತೆಗಿದ್ದ ದಿನ ಒಬ್ಬ ಸಂಚಾಲಕಿ ರಜೆ ಕೊಟ್ಟಿರಲಿಲ್ಲ. ನೋಂದಣಿ ಸಿಗದಿದ್ದರೆ ಅವರು ಕೇಂದ್ರ ಮುಚ್ಚಬೇಕಿತ್ತು.

“ತಾಯಂದ್ರೆಲ್ಲ ಗಾರ್ಮೆಂಟ್ಸ್‌ಗೆ ಹೋಗವ್ರೆ ಸಾರ್, ಇವನ್ನ ಎಲ್ಲಿಗ್ ಕಳಿಸ್ಲಿ?” ಎಂದರು.

ಅಧಿಕಾರಿ ನಮೂನೆ ಬಿಡಿಸಿಕೊಂಡು ಚಾಪೆಯ ಮೇಲೆ ಕುಳಿತರು. ಒಂದು ಮಗು ಬಂದು ಅವರ ತೊಡೆಯ ಮೇಲೆ ನಿದ್ದೆಹೋಯಿತು. ಒಂದು ಗಂಟೆ ಅವರು ಅಲುಗಾಡಲಿಲ್ಲ. ಕೊನೆಗೆ ಅದನ್ನು ಮೆಲ್ಲನೆ ಚಾಪೆಗಿಳಿಸಿ, “ಮಕ್ಕಳಿದ್ದುದರಿಂದ ತಪಾಸಣೆ ಸಾಧ್ಯವಾಗಲಿಲ್ಲ” ಎಂದು ಬರೆದರು. ಬಾಗಿಲಲ್ಲಿ ನಿಂತು ಸಂಚಾಲಕಿಗೆ ಪಿಸುಗುಟ್ಟಿದರು:

“ರಜೆ ಕೊಟ್ಟು ಫೋನ್ ಮಾಡಮ್ಮ, ಬಂದು ಪಾಸ್ ಮಾಡ್ತೀನಿ.”